ವಾಕಿಂಗ್, ಜಿಮ್ಮು ಮತ್ತು ಕೊಟ್ರಮ್ಮನ ಎಮ್ಮೆಗಳು

ಫಿಸಿಯೋಥೆರಪಿ ಕೆಲಸದಿಂದ ನಿವೃತ್ತಳಾದ ಮೇಲೂ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ, ಬ್ಯಾಂಕಿನ ಸಾಲಿನಲ್ಲಿ ಹಿಂದೆ ನಿಂತವರು ಕೇಳುತ್ತಾರೆ, ಮೊನ್ನೆ ಗ್ಯಾಸ್ ಸಿಲಿಂಡರ್ ಇಳಿಸಲು ಬಂದವನೂ ಕೇಳಿದ: ‘ಮೇಡಂ, ವಾಕಿಂಗ್ ಒಳ್ಳೇದೋ, ಜಿಮ್ ಒಳ್ಳೇದೋ?’ ಯಾವುದಕ್ಕೆ ಎಂದು ನಾನು ತಿರುಗಿ ಕೇಳುತ್ತೇನೆ. ಆರೋಗ್ಯಕ್ಕೆ ಎನ್ನುತ್ತಾರೆ. ಆರೋಗ್ಯ ಯಾವುದಕ್ಕೆ ಎಂದರೆ ಮುಖ ನೋಡುತ್ತಾರೆ. ಈಯಮ್ಮನಿಗೆ ವಯಸ್ಸಾಯಿತು ಎಂದುಕೊಳ್ಳುತ್ತಾರೆ.

ಈಗಷ್ಟೇ ಓದು ಮುಗಿಸಿ ಈ ಕೆಲಸಕ್ಕೆ ಸೇರುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ನಾಯುಗಳ ಹೆಸರೆಲ್ಲ ನಿಮ್ಮ ಪುಸ್ತಕದಲ್ಲಿರುತ್ತವೆ. ಜನ ನಿಮ್ಮನ್ನು ಹೇಗೆ ಹಣ್ಣುಗಾಯಿ ನೀರುಗಾಯಿ ಮಾಡುತ್ತಾರೆ ಎನ್ನುವುದು ಇರುವುದಿಲ್ಲ. ಮೊದಲಿಗೆ ನಿಮ್ಮನ್ನು ಮಾಲೀಸು ಮಾಡುವವರು ಎನ್ನುತ್ತಾರೆ. ತಿದ್ದಲು ಹೋಗಬೇಡಿ, ಅರ್ಧ ದಿನ ಅದಕ್ಕೇ ಹೋಗುತ್ತದೆ. ಸಮಯಕ್ಕೆ ಸರಿಯಾಗಿ ಬನ್ನಿ, ಕೈ ತೊಳೆದುಕೊಳ್ಳಿ, ಕೆಲಸ ಶುರು ಮಾಡಿ.

ನಾನು ಮೊದಲು ಸೇರಿದ್ದು ಹರಿಹರದ ಒಂದು ಕಾರ್ಖಾನೆಯ ಆಸ್ಪತ್ರೆಗೆ. ಅಲ್ಲಿ ಎಲ್ಲವೂ ಸೈರನ್ನಿನ ಪ್ರಕಾರ ನಡೆಯುತ್ತಿತ್ತು, ಅದು ನನಗೆ ಹಿಡಿಸಿತ್ತು. ಆದರೆ ಸಲಕರಣೆ ಎಂದರೆ ಮರಳಿನ ಚೀಲ, ಮೇಣ ಕರಗಿಸುವ ಪಾತ್ರೆ, ಗೋಡೆಗೆ ಹೊಡೆದ ಒಂದು ರಾಟೆ, ಅಷ್ಟೇ. ಕಾಲು ಮುರಿದವರು ಹಿಡಿದುಕೊಂಡು ನಡೆಯಲು ಜೋಡಿ ಕಂಬಿ ಬೇಕೆಂದು ಬೇಡಿಕೊಂಡೆ. ಕಾರ್ಖಾನೆಯ ಫಿಟ್ಟರ್ ಒಬ್ಬರು ಬಿಡುವಿನಲ್ಲಿ ಪೈಪು ಬೆಸೆದು ಚಂದವಾಗಿ ಬಣ್ಣ ಬಳಿದು ತಂದು ನಿಲ್ಲಿಸಿದರು. ಎತ್ತರ ಎಷ್ಟಿರಬೇಕೆಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ಅವರು ಆರಡಿ ಮನುಷ್ಯ, ತಮ್ಮ ಅಳತೆಗೇ ಮಾಡಿದ್ದರು. ನನ್ನ ರೋಗಿಗಳು ಅದಕ್ಕೆ ಬಾವಲಿಗಳ ಹಾಗೆ ನೇತಾಡಿದರು. ಕೊಯ್ದು ಗಿಡ್ಡ ಮಾಡಿ ಎಂದರೆ ಫಿಟ್ಟರಿಗೆ ಬೇಸರ. ‘ಅವ್ರನ್ನೇ ಒಂದೀಟು ಎತ್ತರ ಮಾಡ್ರಿ, ಅದಕ್ಕೇ ಅಲ್ವಾ ನೀವಿರೋದು’ ಎಂದರು.

ಕೊನೆಗೂ ಗಿಡ್ಡ ಮಾಡಿಸಿದ ಆ ಕಂಬಿಯ ನಡುವೆ ನಡೆಯಲು ಕಲಿತವರನ್ನು ನಾನು ಹೊಳೆಯ ದಂಡೆಗೆ ಕರೆದುಕೊಂಡು ಹೋಗುತ್ತಿದ್ದೆ. ತುಂಗಭದ್ರೆಯ ದಂಡೆ ಇಳಿಜಾರು, ಮರಳು, ಅಲ್ಲಲ್ಲಿ ಕಲ್ಲು. ಆಸ್ಪತ್ರೆಯ ಮೇಲಧಿಕಾರಿಗೆ ಇದು ಸರಿಬರಲಿಲ್ಲ. ಒಳಗೆ ಇಷ್ಟು ನುಣುಪಾದ ನೆಲ ಇರುವಾಗ ರೋಗಿಗಳನ್ನು ವಿಹಾರಕ್ಕೆ ಕರೆದೊಯ್ಯುವುದೇಕೆ ಎಂದು ಕೇಳಿದರು. ಇವರ ಮನೆಯ ದಾರಿ ನುಣುಪಾಗಿಲ್ಲ ಸಾರ್ ಎಂದೆ. ಅವರು ಮೆಮೋ ಕೊಟ್ಟರು. ನಾನು ತೆಗೆದುಕೊಂಡು, ಮಾರನೆಯ ದಿನವೂ ಅದೇ ಹೊತ್ತಿಗೆ ದಂಡೆಗೆ ಹೋದೆ.

ಆಮೇಲೆ ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಗೆ ಬಂದೆ. ಅಲ್ಲಿನ ದೊಡ್ಡ ಡಾಕ್ಟರು ಮೂಳೆ ಜೋಡಿಸುವುದರಲ್ಲಿ ನಿಜಕ್ಕೂ ದೊಡ್ಡವರು. ಆದರೆ ಜೋಡಿಸಿದ ಮೇಲೆ ಅವರಿಗೆ ಆ ಮನುಷ್ಯನಲ್ಲಿ ಆಸಕ್ತಿ ಮುಗಿಯುತ್ತಿತ್ತು. ಚೀಟಿಯ ಕೊನೆಯಲ್ಲಿ ಎಲ್ಲರಿಗೂ ಒಂದೇ ಪದ ಬರೆಯುತ್ತಿದ್ದರು: ವಾಕಿಂಗ್. ಮಂಡಿಗೂ ವಾಕಿಂಗ್, ಬೆನ್ನಿಗೂ ವಾಕಿಂಗ್, ಒಮ್ಮೆ ಭುಜದವರಿಗೂ ಬರೆದರು. ಕರೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಉದ್ದಕ್ಕೂ ಯಂತ್ರದಿಂದ ಯಂತ್ರಕ್ಕೆ ಓಡಾಡುವ ಒಬ್ಬ ಕಾರ್ಮಿಕ ಬೆನ್ನು ನೋವೆಂದು ಬಂದ. ಅವನಿಗೂ ವಾಕಿಂಗ್. ಆ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದು, ‘ಮೇಡಂ, ಇನ್ನೆಲ್ಲಿಗೆ ನಡೀಲಿ?’ ಎಂದ. ಭಾರ ಎತ್ತುವಾಗ ಬೆನ್ನಿಗೆ ಆಸರೆ ಕೊಡುವ ಸ್ನಾಯುಗಳೇ ಅವನಿಗೆ ಸೋತಿದ್ದವು. ಆ ಮಾತನ್ನು ಡಾಕ್ಟರಿಗೆ ಹೇಳಿದೆ. ನೀವು ಎಲ್ಲದಕ್ಕೂ ತಕರಾರು ತೆಗೀತೀರಿ ಎಂದರು.

ಹೊರಗೆ ನಡೆಯಿರಿ ಎಂದು ಬರೆಯುವುದು ಸುಲಭ. ನಮ್ಮ ಊರಿನ ಫುಟ್‌ಪಾತಿನ ಮೇಲೆ ಹಣ್ಣಿನ ಗಾಡಿ, ನಿಂತ ಬೈಕು, ಬಾಯಿ ತೆರೆದ ಚರಂಡಿ. ಹತ್ತು ಗಂಟೆಯಾದರೆ ಬಿಸಿಲು, ಕತ್ತಲಾದರೆ ನಾಯಿ. ಇದನ್ನೆಲ್ಲ ದಾಟಿ ನಡೆಯುವವರ ಬಗ್ಗೆ ನನಗೆ ಗೌರವವಿದೆ. ಆದರೆ ನಡೆಯಲೆಂದು ಮೈದಾನದವರೆಗೆ ಸ್ಕೂಟರಿನಲ್ಲಿ ಬಂದು, ಎರಡು ಸುತ್ತು ಹಾಕಿ, ಬೆಣ್ಣೆ ದೋಸೆ ಮುಗಿಸಿ, ಸಕ್ಕರೆ ಯಾಕೆ ಇಳಿಯುತ್ತಿಲ್ಲ ಎಂದು ನನ್ನನ್ನು ಕೇಳುವವರಿಗೆ ಏನು ಹೇಳಲಿ? ಜಿಮ್ಮಿನವರೂ ಕಡಿಮೆಯಿಲ್ಲ. ಎ.ಸಿ. ಹಾಕಿದ ಕೋಣೆಯಲ್ಲಿ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ಕಂಬಿಗೆ ಜೋತುಬಿದ್ದು ಟಿ.ವಿ. ನೋಡುತ್ತಾ ನಡೆಯುತ್ತಾರೆ, ಪಕ್ಕದ ಬೀದಿಯ ಕೊತ್ತಂಬರಿಗೆ ಬೈಕು ತೆಗೆಯುತ್ತಾರೆ. ಮೂರು ವಾರಕ್ಕೆ ಭುಜ ಹಿಡಿದುಕೊಂಡು ಬಂದು, ಪ್ರೊಟೀನ್ ಪೌಡರ್ ಕುಡಿಯುವುದನ್ನು ಮಾತ್ರ ಬಿಡುವುದಿಲ್ಲ ಎನ್ನುತ್ತಾರೆ. ಎರಡೂ ಕಡೆಯವರು ಮಾಡುವುದಕ್ಕಿಂತ ಹೇಳುವುದು ಹೆಚ್ಚು.

ಯಾವುದಕ್ಕೆ ಎಂಬ ನನ್ನ ಪ್ರಶ್ನೆಗೆ ಇಷ್ಟು ವರ್ಷಗಳಲ್ಲಿ ನೆಟ್ಟಗೆ ಉತ್ತರ ಕೊಟ್ಟವಳು ಕೊಟ್ರಮ್ಮ. ನನ್ನ ಕೊನೆಯ ವರ್ಷದ ಕೇಸು. ಆನಗೋಡಿನವಳು, ಐವತ್ತು ದಾಟಿತ್ತು. ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಜಾರಿ ಬಿದ್ದು, ಸೊಂಟದ ಕೀಲಿನ ಹತ್ತಿರ ತೊಡೆಯ ಮೂಳೆ ಮುರಿದಿತ್ತು. ದೊಡ್ಡ ಡಾಕ್ಟರು ಲೋಹದ ಪಟ್ಟಿ, ಸ್ಕ್ರೂ ಹಾಕಿ ಕೂಡಿಸಿದ್ದರು. ಗಂಡ ತೀರಿಕೊಂಡ ಮೇಲೆ ಎಮ್ಮೆ ಕರೆದು ಡೇರಿಗೆ ಹಾಲು ಹಾಕಿಯೇ ಮಗಳು ಸುಧಾಳನ್ನೂ ಮಗ ಮಂಜುನಾಥನನ್ನೂ ಓದಿಸಿದವಳು. ಈಗಲೂ ಎರಡು ಎಮ್ಮೆ ಇದ್ದವು. ಅವು ಅವಳವು, ಹಾಲಿನ ದುಡ್ಡು ಅವಳದು, ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದದ್ದೂ ಅದರಿಂದಲೇ.

ಏನು ಮಾಡುವಂತಾಗಬೇಕು ಎಂದು ಮೊದಲ ದಿನ ಕೇಳಿದೆ.

‘ಎಮ್ಮೆ ಕೆಳಗೆ ಕುಕ್ಕರಗಾಲಲ್ಲಿ ಕೂತು ಏಳಬೇಕ್ರಿ ಮೇಡಮ್ಮಾರೆ. ಅಷ್ಟಾದ್ರೆ ಸಾಕು. ನಿಮಗೆ ಬೇಕಂದ್ರೆ ಓಡಾಡ್ತೀನಿ’ ಎಂದಳು.

ಮಂಜುನಾಥ ಕರೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ತಾಯಿ ಹಾಸಿಗೆ ಹಿಡಿದ ಮೇಲೆ ಬೆಳಗಿನ ಪಾಳಿಗೆ ಮುಂಚೆ ಅವನೇ ಹಾಲು ಕರೆಯುತ್ತಿದ್ದ. ಕೆಟ್ಟ ಮಗನಲ್ಲ, ದಣಿದಿದ್ದ. ದೀಪಾವಳಿಯ ತನಕ ನೋಡುತ್ತೇನೆ, ಅಷ್ಟರಲ್ಲಿ ಅವ್ವನ ಕೈಲಿ ಆಗದಿದ್ದರೆ ದಲ್ಲಾಳಿಗೆ ಹೇಳಿ ಎಮ್ಮೆ ಕೊಟ್ಟುಬಿಡುತ್ತೇನೆ ಎಂದ. ಸ್ಟೂಲಿನ ಮೇಲೆ ಕೂತು ಕರೆಯಬಹುದಲ್ಲ ಎಂದು ಸುಧಾ ಕೇಳಿದಳು. ಕೊಟ್ರಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, ‘ಎಮ್ಮೆ ಒದ್ದಾಗ ನಿನ್ ಸ್ಟೂಲು ಎದ್ದು ಓಡ್ತದೇನು?’ ಎಂದಳು.

ಕೀಲನ್ನೇ ಬದಲಿಸಿದ್ದರೆ ಕುಕ್ಕರಗಾಲಿನ ಮಾತೇ ಇರುತ್ತಿರಲಿಲ್ಲ, ಇದನ್ನು ನೀವು ನೆನಪಿಡಬೇಕು. ಇವಳದು ಕೂಡಿಸಿದ ಮೂಳೆ. ಚೆನ್ನಾಗಿ ಕೂಡಿಕೊಂಡರೆ ದಾರಿಯಿತ್ತು. ದೊಡ್ಡ ಡಾಕ್ಟರು ಅವಳ ಚೀಟಿಯಲ್ಲೂ ವಾಕಿಂಗ್ ಎಂದೇ ಬರೆದಿದ್ದರು. ಆ ಹಂತಕ್ಕೆ ಅದು ಸರಿಯೂ ಆಗಿತ್ತು. ವಾಕರ್ ಹಿಡಿದು ಊರ ಬೀದಿಯಲ್ಲಿ ಬೆಳಿಗ್ಗೆ ಸಂಜೆ ನಡೆಯಲು ಹೇಳಿ ಕಳಿಸಿದೆ.

ಮುಂದಿನ ಸಲ ಬಂದಾಗ ಕಾಲು ಇದ್ದಲ್ಲೇ ಇತ್ತು. ವಿಚಾರಿಸಿದರೆ, ನಡೆಯಲು ಹೊರಟವಳನ್ನು ಮೊದಲ ಮನೆಯವರೇ ಕರೆದು ಕಟ್ಟೆಯ ಮೇಲೆ ಕೂರಿಸಿದ್ದರು. ಹೇಗೆ ಬಿದ್ದೆ, ಎಲ್ಲಿ ಮುರಿಯಿತು, ಯಾವ ಡಾಕ್ಟರು, ಎಲ್ಲ ಹೇಳಬೇಕು. ಹೇಳುವಷ್ಟರಲ್ಲಿ ಚಾ ಬರುತ್ತದೆ. ಕುಡಿದು ಎದ್ದರೆ ಎರಡನೇ ಮನೆ. ಆ ಮನೆಯಲ್ಲಿ ಕೂತು ಹೇಳಿ, ಈ ಮನೆಯ ಮುಂದೆ ಸುಮ್ಮನೆ ದಾಟಿಹೋದರೆ ಅವರಿಗೆ ಸಿಟ್ಟು. ಮೂರು ಮನೆ ದಾಟುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ದಿನಾ ಹೊಸದಾಗಿ ಏನು ಹೇಳುತ್ತೀಯ ಎಂದು ರೇಗಿದೆ. ನಿನ್ನೆ ಮನೆಯಲ್ಲಿ ಇಲ್ಲದವರು ಇವತ್ತು ಇರುತ್ತಾರಲ್ಲ ಎಂದಳು. ನಡೆಯುವುದರಿಂದ ಏನೇನು ಲಾಭ ಎಂದು ಬರೆಯುವ ಯಾರೂ ಆನಗೋಡಿನ ಕಟ್ಟೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಡೆಗೆ ಸುಧಾ ತಾಯಿಯನ್ನು ಸರಸ್ವತಿ ನಗರದ ತನ್ನ ಮನೆಗೆ ಕರೆದುಕೊಂಡು ಬಂದಳು. ಅಲ್ಲಿನ ಪಾರ್ಕಿನಲ್ಲಿ ಬೆಳಗಿನ ನಡಿಗೆಯವರದೊಂದು ಗುಂಪು. ಅದರ ಮುಖಂಡರು ಸಂಗಪ್ಪನವರು, ನಿವೃತ್ತ ಅಧಿಕಾರಿ, ಬಿಳಿ ಬೂಟು. ನಡೆದರೆ ವಾಸಿಯಾಗದ ಕಾಯಿಲೆಯೇ ಇಲ್ಲ ಎನ್ನುವುದು ಅವರ ನಂಬಿಕೆ. ಅವರ ಗುಂಪಿನೊಂದಿಗೆ ಕೊಟ್ರಮ್ಮ ನಡೆದಳು. ನಿಜ ಹೇಳಬೇಕೆಂದರೆ ಅದು ಅವಳಿಗೆ ಬೇಕಾಗಿತ್ತು. ಮಗಳ ಮನೆಯ ಮಹಡಿಯಲ್ಲಿ ಗೋಡೆ ನೋಡುತ್ತಾ ಕೂತು ಊಟ ಬಿಟ್ಟಿದ್ದವಳು ಮರದ ಕೆಳಗೆ ನಾಲ್ಕು ಜನರ ಜೊತೆ ನಡೆದು, ನಗಾಡಿ, ಹಸಿವೆಂದು ಮನೆಗೆ ಬರತೊಡಗಿದಳು. ರಾತ್ರಿ ನಿದ್ದೆ ಹತ್ತಿತು. ವಾಕರ್ ಹೋಯಿತು, ಕೋಲು ಬಂತು, ಕೋಲೂ ಹೋಯಿತು. ಇದನ್ನು ಯಾವ ಯಂತ್ರವೂ ಕೊಡುತ್ತಿರಲಿಲ್ಲ, ನಾನು ಒಪ್ಪುತ್ತೇನೆ.

ಅವ್ವ ವಾಸಿಯಾದಳು ಎಂದು ಸುಧಾ ಪೇಡೆ ತಂದಳು. ಪೇಡೆ ಮೇಜಿನ ಮೇಲಿಟ್ಟು ಕೊಟ್ರಮ್ಮನಿಗೆ, ಕಿಟಕಿಯ ಸರಳು ಹಿಡಿದು ಕುಕ್ಕರಗಾಲಲ್ಲಿ ಕೂರು ಎಂದೆ. ಅರ್ಧ ಇಳಿದಳು. ಅಲ್ಲಿಗೆ ನಿಂತಳು. ಕೆಳಗೂ ಹೋಗಲಿಲ್ಲ, ಮೇಲೂ ಬರಲಿಲ್ಲ, ಹಣೆಯಲ್ಲಿ ಬೆವರು. ನಾವಿಬ್ಬರೂ ಹಿಡಿದು ಎತ್ತಿದೆವು. ಅವಳು ಪೇಡೆ ಮುಟ್ಟಲಿಲ್ಲ. ದೀಪಾವಳಿ ಯಾವಾಗ ಎಂದು ಮಗಳನ್ನು ಕೇಳಿದಳು.

ಸಮತಟ್ಟಾದ ನೆಲದಲ್ಲಿ ಎಷ್ಟು ನಡೆದರೂ ಸೊಂಟ ಅಷ್ಟು ಮಡಚುವುದಿಲ್ಲ, ಕೂತಲ್ಲಿಂದ ಮೈಯನ್ನು ಎತ್ತುವ ತೊಡೆಗೆ ಸಾಕಷ್ಟು ಕೆಲಸ ಸಿಗುವುದಿಲ್ಲ. ಇದು ದೊಡ್ಡ ವಿದ್ಯೆಯಲ್ಲ. ಆದರೂ ಸಂಗಪ್ಪನವರಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಇನ್ನೆರಡು ಸುತ್ತು ಜಾಸ್ತಿ ಹಾಕಿಸೋಣ ಎಂದರು. ದೊಡ್ಡ ಡಾಕ್ಟರು ಹೊಸ ಎಕ್ಸರೇ ನೋಡಿ, ಮೂಳೆ ಚೆನ್ನಾಗಿ ಕೂಡಿದೆ, ಕೂರಬಹುದು ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸರಿಯಿತ್ತು. ‘ಆದ್ರೆ ಯಾಕೆ ರಿಸ್ಕು? ವಾಕಿಂಗ್ ಮಾಡ್ತಿದಾರಲ್ಲ, ಸಾಕು’ ಎಂದು ಸೇರಿಸಿದರು. ನೀವು ಎಮ್ಮೆ ಕರೀತೀರಾ ಸಾರ್ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆಸ್ಪತ್ರೆಯ ನನ್ನ ಕೋಣೆಯಲ್ಲಿ ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಅವಳಿಗೆ ಪಾಳಿ ಸಿಗುತ್ತಿರಲಿಲ್ಲ. ಸುಧಾಳ ಗಂಡ ಹೋಗುತ್ತಿದ್ದ ಜಿಮ್ಮು ಮನೆಗೆ ಹತ್ತಿರದಲ್ಲಿತ್ತು. ಜಿಮ್ಮಿನವರ ಬಗ್ಗೆ ನನ್ನ ಅಭಿಪ್ರಾಯ ಹೇಳಿದ್ದೇನೆ. ಆದರೂ ಹೋದೆ. ಅದನ್ನು ನಡೆಸುತ್ತಿದ್ದವನು ಹನುಮಂತಪ್ಪ. ಹಿಂದೆ ಗರಡಿಯಲ್ಲಿ ಕುಸ್ತಿ ಮಾಡಿದವನು, ಕಿವಿ ಮುದುಡಿಕೊಂಡಿತ್ತು. ಮಧ್ಯಾಹ್ನ ಗಂಡಸರು ಇರದ ಹೊತ್ತಿನಲ್ಲಿ ನಮ್ಮನ್ನು ಒಳಗೆ ಬಿಡಲು ಒಪ್ಪಿದ. ಕೊಟ್ರಮ್ಮ ಒಳಗೆ ಬಂದವಳೇ ಗೋಡೆಯ ಉದ್ದಕ್ಕೂ ಇದ್ದ ಕನ್ನಡಿ ನೋಡಿ ಸೆರಗು ಹೊದ್ದು ತಲೆ ತಗ್ಗಿಸಿದಳು. ಒಬ್ಬಳಿಗೆ ಇಷ್ಟು ಕನ್ನಡಿ ಯಾಕೆ ಎಂದಳು.

ಹನುಮಂತಪ್ಪನಿಗೂ ನನಗೂ ಮೊದಲ ದಿನವೇ ಜಗಳ. ಅವನು ಆವತ್ತಿನಿಂದಲೇ ನೆಲದವರೆಗೆ ಕೂತೇಳುವ ಬೈಠಕ್ ಹೊಡೆಸುತ್ತೇನೆ ಎಂದ. ‘ಗರಡ್ಯಾಗೆ ಇಂಥವು ಎಷ್ಟು ನೋಡಿಲ್ಲ ಮೇಡಂ’ ಎಂದ. ಗರಡಿಯಲ್ಲಿ ಮುರಿದವರು ಇಪ್ಪತ್ತು ವರ್ಷದ ಪೈಲ್ವಾನರು, ಇವರು ಮೊಮ್ಮಕ್ಕಳನ್ನು ಕಂಡವರು ಎಂದೆ. ಎತ್ತರದಿಂದ ಶುರು ಮಾಡಿ ದಿನದಿನಕ್ಕೆ ಕೆಳಗೆ ಇಳಿಸಬೇಕು, ಅದಕ್ಕೆ ಬೇರೆಬೇರೆ ಎತ್ತರದ ಸ್ಟೂಲು ಬೇಕು ಎಂದೆ. ಅವನ ಹತ್ತಿರ ಸ್ಟೂಲು ಇರಲಿಲ್ಲ. ತಲೆ ಕೆರೆದುಕೊಂಡು, ರಬ್ಬರ್ ಸುತ್ತಿದ ದಪ್ಪ ತೂಕದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಅವಳ ಹಿಂದೆ ಇಟ್ಟ. ಒಳ್ಳೆಯ ಉಪಾಯ ಎಂದು ನಾನು ಅವನ ಎದುರಿಗೆ ಹೇಳಲಿಲ್ಲ, ಹೇಳಿದ್ದರೆ ಬೈಠಕ್ ಶುರು ಮಾಡುತ್ತಿದ್ದ.

ಕೊಟ್ರಮ್ಮ ಕಂಬಿ ಹಿಡಿದು ಬಿಲ್ಲೆಗಳ ರಾಶಿಯ ಮೇಲೆ ಕೂರುವುದು, ಏಳುವುದು. ಅದು ಸಲೀಸಾದ ಮೇಲೆ ಒಂದು ಬಿಲ್ಲೆ ತೆಗೆಯುವುದು. ನೋವು ಬಂದರೆ ತೆಗೆದ ಬಿಲ್ಲೆಯನ್ನು ಮತ್ತೆ ಇಡುವುದು. ಇದರ ಜೊತೆಗೆ ತೊಡೆಗೆ ಕುರ್ಚಿಯಂಥ ಯಂತ್ರದಲ್ಲಿ ಕೂತು ತೂಕ ತಳ್ಳುವ ಕೆಲಸ. ಅವಳಿಗೆ ಬೇಜಾರು ಬರುತ್ತಿತ್ತು. ಮೇವು ಹೊರದೆ, ನೀರು ಹೊರದೆ, ಸುಮ್ಮನೆ ಕಬ್ಬಿಣ ತಳ್ಳಿ ಅಲ್ಲೇ ಬಿಡುವುದು ಅವಳಿಗೆ ಹುಚ್ಚರ ಕೆಲಸದಂತೆ ಕಾಣುತ್ತಿತ್ತು. ‘ಇಷ್ಟು ತಳ್ಳೋಕೆ ರೊಕ್ಕ ಬೇರೆ ಕೊಡ್ತಾರಾ ಮಂದಿ?’ ಎಂದು ಹನುಮಂತಪ್ಪನನ್ನು ಕೇಳಿದಳು. ಕೊಡ್ತಾರೆ ಅವ್ವಾರೆ, ಕೊಟ್ಟು ಬರೋದೇ ಇಲ್ಲ ಎಂದ. ಅವನಲ್ಲಿ ನನಗೆ ಹಿಡಿಸಿದ ಮಾತು ಅದೊಂದೇ.

ಬಿಲ್ಲೆಗಳೆಲ್ಲ ಮುಗಿದು ಅವಳು ರಬ್ಬರ್ ನೆಲದ ಮೇಲೆ ಪೂರ್ತಿ ಕುಕ್ಕರಗಾಲಲ್ಲಿ ಕೂತು ಎದ್ದ ದಿನ ಹನುಮಂತಪ್ಪ ಫೋನ್ ಎತ್ತಿ ವಿಡಿಯೋ ಹಿಡಿಯಲು ಬಂದ, ಜಿಮ್ಮಿನ ಪ್ರಚಾರಕ್ಕೆ. ಕೊಟ್ರಮ್ಮ ನೋಡಿದ ನೋಟಕ್ಕೆ ಫೋನ್ ಜೇಬಿಗೆ ಹೋಯಿತು. ಸುಧಾ ಆಗಲೇ ತಮ್ಮನಿಗೆ ಫೋನ್ ಮಾಡಿ, ಅವ್ವ ತಯಾರು ಎಂದಳು. ತಯಾರಲ್ಲ ಎಂದೆ ನಾನು. ರಬ್ಬರ್ ನೆಲ ಕೊಟ್ಟಿಗೆಯಲ್ಲ. ಅಲ್ಲಿ ಇಳಿಜಾರು, ಸಗಣಿ, ಗಂಜಲ. ಜಾರಿದ ಜಾಗಕ್ಕೇ ಹೋಗಬೇಕು, ಬರಿಗಾಲಲ್ಲಿ.

ಹಾಗಾಗಿ ಮತ್ತೆ ಹೊರಗೆ. ಪಾರ್ಕಿನ ಸಿಮೆಂಟು ದಾರಿ ಬಿಟ್ಟು ಊರ ಹೊರಗಿನ ಕಾಲುವೆ ಏರಿಯ ಮೇಲೆ ಅವಳನ್ನು ನಡೆಸಿದೆ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಬೀಳುವ ಕಡೆ, ಒದ್ದೆ ಹುಲ್ಲಿನ ಮೇಲೆ. ಮೊದಲು ನನ್ನ ತೋಳು ಹಿಡಿದು, ಆಮೇಲೆ ಬಕೆಟ್ಟಿನಲ್ಲಿ ನೀರು ಹಿಡಿದು. ಅಂಗಾಲು ನೆಲವನ್ನು ಕೇಳಿಕೊಂಡು ಮೈಯನ್ನು ಸರಿ ಮಾಡಿಕೊಳ್ಳುವುದನ್ನು ಓಡುವ ಪಟ್ಟಿ ಕಲಿಸುವುದಿಲ್ಲ. ಸುದ್ದಿ ತಿಳಿದ ಸಂಗಪ್ಪನವರು ಫೋನ್ ಮಾಡಿ, ನೋಡಿದಿರಾ ಮೇಡಂ, ಕೊನೆಗೆ ವಾಕಿಂಗೇ ಬೇಕಾಯಿತು ಎಂದರು. ಅತ್ತ ಹನುಮಂತಪ್ಪ, ನನ್ನ ಜಿಮ್ಮಿನಿಂದಲೇ ಅವ್ವಾರು ಎದ್ದರು ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಆಕೆ ಇನ್ನೂ ಒಂದು ತೊಟ್ಟು ಹಾಲು ಕರೆದಿರಲಿಲ್ಲ. ಗೆದ್ದವರು ಆಗಲೇ ಇಬ್ಬರು.

ದೀಪಾವಳಿಗೆ ಮುಂಚಿನ ಒಂದು ಸಂಜೆ ಸುಧಾಳೊಂದಿಗೆ ನಾನೂ ಆನಗೋಡಿಗೆ ಹೋದೆ. ಅಂಗಳದಲ್ಲಿ ಒಬ್ಬ ಮನುಷ್ಯ ಹೆಗಲಿಗೆ ಟವೆಲ್ ಹಾಕಿಕೊಂಡು ನಿಂತಿದ್ದ. ದಲ್ಲಾಳಿ. ಇಷ್ಟು ಬೇಗ ಯಾಕೆ ಕರೆಸಿದೆ ಎಂದು ಸುಧಾ ತಮ್ಮನ ಮೇಲೆ ಹರಿಹಾಯ್ದಳು. ಅವರು ಈ ಕಡೆ ಬಂದಿದ್ದರು, ನೋಡಿಕೊಂಡು ಹೋಗಲಿ ಎಂದೆ ಅಷ್ಟೇ ಎಂದ ಮಂಜುನಾಥ. ಕೊಟ್ರಮ್ಮ ಸೀರೆ ಎತ್ತಿ ಕಟ್ಟಿ, ಬಕೆಟ್ ತೊಳೆದು, ಚೊಂಬಿನಲ್ಲಿ ಬೆಚ್ಚಗಿನ ನೀರು ತೆಗೆದುಕೊಂಡು ಕೊಟ್ಟಿಗೆಗೆ ಇಳಿದಳು. ನಾನು ಹಿಂದೆಯೇ ಹೋದೆ. ನೆಲ ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿತ್ತು.

ಕರು ಬಿಟ್ಟು, ಎಳೆದು ಕಟ್ಟಿ, ಎಮ್ಮೆಯ ಪಕ್ಕದಲ್ಲಿ ಕೂತಳು. ಸರಿಯಾಗಿ, ಹಿಮ್ಮಡಿ ಊರಿ, ಬಕೆಟ್ ಮಂಡಿಯ ನಡುವೆ ಇಟ್ಟು ಕೂತಳು. ಎಮ್ಮೆ ಹಾಲು ಬಿಡಲಿಲ್ಲ. ಇಷ್ಟು ತಿಂಗಳು ಮಂಜುನಾಥನ ಕೈಗೆ ಹೊಂದಿಕೊಂಡಿದ್ದ ಪ್ರಾಣಿ ಕಾಲು ಬದಲಿಸುತ್ತಾ, ಬಾಲ ಬೀಸುತ್ತಾ ನಿಂತಿತು. ನಾವು ಕೂತು ಏಳುವುದನ್ನು ಕಲಿಸಿದ್ದೆವು. ಕೂತೇ ಇರುವುದನ್ನು ನಾನೂ ಕಲಿಸಿರಲಿಲ್ಲ, ಹನುಮಂತಪ್ಪನೂ ಕಲಿಸಿರಲಿಲ್ಲ. ಅವಳ ತೊಡೆ ಸಣ್ಣಗೆ ನಡುಗತೊಡಗಿದ್ದು ಸೀರೆಯ ಮೇಲೆ ಕಾಣುತ್ತಿತ್ತು.

‘ಅವ್ವ, ಸಾಕು ಏಳು. ನಾ ಕರೀತೀನಿ’ ಎಂದ ಮಂಜುನಾಥ.

ಅವಳು ತಲೆಯನ್ನು ಎಮ್ಮೆಯ ಪಕ್ಕೆಗೆ ಒರಗಿಸಿದಳು. ಕೆಚ್ಚಲನ್ನು ಬೆಚ್ಚಗಿನ ನೀರಿನಲ್ಲಿ ಸವರುತ್ತಾ, ಮಗುವಿಗೆ ಹೇಳುವ ಹಾಗೆ ಅದಕ್ಕೆ ಏನೋ ಹೇಳುತ್ತಾ ಇದ್ದಳು. ಬಹಳ ಹೊತ್ತಾಯಿತು. ದಲ್ಲಾಳಿ ಬಾಗಿಲಿಗೆ ಬಂದು ಇಣುಕಿ ಹೋದ. ಆಮೇಲೆ ಬಕೆಟ್ಟಿನ ತಳಕ್ಕೆ ಹಾಲು ಬಿದ್ದ ಸದ್ದು ಕೇಳಿತು. ಮೊದಲು ಒಂದು ಎಳೆ, ಹಿಂದೆಯೇ ಎರಡು ಕೈಯದು. ಕೆಚ್ಚಲು ಬರಿದಾಗುವವರೆಗೆ ಅವಳು ಬಿಡಲಿಲ್ಲ.

ಬಕೆಟ್ ಪಕ್ಕಕ್ಕಿಟ್ಟು ಅಂಗೈಯನ್ನು ಮಂಡಿಯ ಮೇಲೆ ಊರಿದಳು. ಒಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. ಕಾಲನ್ನು ಸ್ವಲ್ಪ ಅಗಲಿಸಿ ಮತ್ತೆ ಊರಿದಳು. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಕೈ ಚಾಚಿದೆ.

‘ಕೈ ತೆಗೀರಿ ಮೇಡಮ್ಮಾರೆ’ ಎಂದಳು, ತಲೆ ಎತ್ತದೆ. ‘ಎಮ್ಮೆ ಬೆದರ್ತೈತೆ.’

ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಎದ್ದಳು. ನಿಂತು, ಒಂದು ಉಸಿರು ಬಿಟ್ಟು, ಬಗ್ಗಿ ಬಕೆಟ್ ಎತ್ತಿಕೊಂಡು ಇಳಿಜಾರು ಹತ್ತಿ ಬಾಗಿಲಿಗೆ ಬಂದಳು. ಅಂಗಳದಲ್ಲಿದ್ದ ದಲ್ಲಾಳಿಯನ್ನು ನೋಡಿ ಮಗನಿಗೆ ಹೇಳಿದಳು:

‘ಬಂದೋರಿಗೆ ಚಾ ಕೊಟ್ಟು ಕಳ್ಸು ಮಂಜಾ. ಗಟ್ಟಿ ಹಾಲು ಐತೆ.’